ದುರ್ಗಪ್ಪ ಬೆರಳು ತೆಗೆದ ಪ್ರಸಂಗ

ತುಕ್ಕಾನಟ್ಟಿಯ ನಮ್ಮ ಓಣಿಗೆ ನೀರು ಬರುವುದು ಘಟಪ್ರಭೆಯಿಂದಲ್ಲ, ಊರ ಮುಂದಿನ ಟಾಕಿಯಿಂದಲೂ ಅಲ್ಲ, ದುರ್ಗಪ್ಪನಿಂದ. ಇದು ನನ್ನ ಮಾತಲ್ಲ, ದುರ್ಗಪ್ಪನದೇ ಮಾತು. ಪಂಚಾಯತಿಯ ವಾಲ್ವು ತಿರುವುವ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲ ಮೇಲಿಟ್ಟುಕೊಂಡು ಅವನು ಮುಂಜಾನೆ ಹೊರಟನೆಂದರೆ ದಂಡಿಗೆ ಹೊರಟ ಸರದಾರ ಅವನ ಮುಂದೆ ಏನೂ ಅಲ್ಲ. "ಇಡೀ ಊರ ಕಂಟ್ರೋಲ್ ನನ್ನ ಕೈಯಾಗೈತಿ" ಎಂದು ದಿನಕ್ಕೊಮ್ಮೆಯಾದರೂ ಚಹಾದಂಗಡಿಯಲ್ಲಿ ಹೇಳದಿದ್ದರೆ ಅವನ ಗಂಟಲಲ್ಲಿ ಚಹಾ ಇಳಿಯುತ್ತಿರಲಿಲ್ಲ.

ಮನೆಯೊಳಗಿನ ವಾಲ್ವು ಮಾತ್ರ ಹೆಂಡತಿ ಕೆಂಪವ್ವನ ಕೈಯಲ್ಲಿತ್ತು. ಯಾವ ಅಂಗಿ ತೊಡಬೇಕು, ಯಾರ ಮದುವೆಗೆ ಹೋಗಬೇಕು, ಹೋದಲ್ಲಿ ಎಷ್ಟು ಮಾತಾಡಬೇಕು, ಎಲ್ಲ ಆಕೆಯದೇ ಹುಕುಂ. ಕೇಳಿದರೆ ದುರ್ಗಪ್ಪ "ಮನಿ ಕಾರಬಾರ ನಾನ ಆಕಿಗೆ ಬಿಟ್ಟಕೊಟ್ಟೇನಿ" ಎನ್ನುತ್ತಿದ್ದ. ಯಾವಾಗ ಬಿಟ್ಟುಕೊಟ್ಟೆ ಎಂದು ಮಾತ್ರ ಕೇಳಬಾರದು, ಸಿಟ್ಟು ಬರುತ್ತಿತ್ತು.

ಇವರ ಮಗಳು ಮಯೂರಿ. ಗೋಕಾಕದ ಕಾಲೇಜಿನಲ್ಲಿ ಬಿ.ಸಿ.ಎ. ಮುಗಿಸಿದ್ದಳು. ಬೆಳಗಾವಿಯಲ್ಲಿ ಎಂ.ಸಿ.ಎ. ಸೀಟೂ ಸಿಕ್ಕಿತ್ತು, ಸೋಮವಾರ ಹೋಗಿ ಸೇರದಿದ್ದರೆ ಅದು ಬೇರೆಯವರ ಪಾಲು. ಆದರೆ ಅದರ ಹಿಂದಿನ ದಿನ, ರವಿವಾರ, ಯಮಕನಮರಡಿಯಿಂದ ಸೋದರಮಾವ ಮುರಿಗೆಪ್ಪ ಬರುವವನಿದ್ದ. ಎರಡು ಲಾರಿಗಳ ಧಣಿ, ಕೆಂಪವ್ವನ ತಮ್ಮ. ಅವನ ಮಗ ರಾಹುಲನಿಗೆ ಮಯೂರಿಯನ್ನು ಕೊಡುವುದೆಂದು ಆಕೆಯನ್ನು ತೊಟ್ಟಿಲಿಗೆ ಹಾಕಿದ ದಿನವೇ ಠರಾವಾಗಿತ್ತು. ತೊಟ್ಟಿಲಲ್ಲಿದ್ದವಳು ಆಗ ಗಂಟಲು ಹರಿಯುವಂತೆ ಅತ್ತಳಂತೆ. ಹಿರಿಯರು ಅದನ್ನು ಹಸಿವು ಎಂದು ತಿಳಿದು ಹಾಲು ಕುಡಿಸಿದರಂತೆ.

ಈಗ ಉಳಿದದ್ದು ಎಲೆ-ಅಡಿಕೆ ಮಾತ್ರ. ನಮ್ಮ ಕಡೆ ಹುಡುಗಿಯ ಅಪ್ಪ ಬಲಗೈಯಿಂದ ಎಲೆ-ಅಡಿಕೆ ಕೊಟ್ಟನೆಂದರೆ ಮುಗಿಯಿತು. ಗೋಕಾಕ ಕೋರ್ಟಿನ ಆರ್ಡರಾದರೂ ತಿರುಗೀತು, ಆ ಮಾತು ತಿರುಗದು. ಮಯೂರಿ "ನಾ ಓದತೇನಿ ಅಪ್ಪಾ" ಎಂದು ಹೇಳಿ ನೋಡಿದ್ದಳು. ಅಪ್ಪ "ನಿಮ್ಮವ್ವನ್ನ ಕೇಳ" ಎಂದ. ಅವ್ವ "ನಿಮ್ಮ ಮಾಮಾನ್ನ ಕೇಳ" ಎಂದಳು. ಮಾಮಾ ಫೋನಿನಲ್ಲಿ "ಅದನ್ನ ನಿಮ್ಮಪ್ಪ ನೋಡ್ಕೋತಾನ" ಎಂದ. ಹೀಗೆ ಹುಡುಗಿಯ ಮಾತು ಮೂರು ಮನೆ ಸುತ್ತಿ, ಚಹಾ ಕೂಡ ಕುಡಿಯದೆ ತಿರುಗಿ ಆಕೆಯ ಬಾಯಿಗೇ ಬಂದು ಕೂತಿತು.

ರವಿವಾರ ಮುಂಜಾನೆ ಆಕೆ ಅಪ್ಪನ ಮೊಬೈಲಿನಲ್ಲಿ ಏನೋ ಹಾಕಿ ಕೈಗೆ ಕೊಟ್ಟಳು.

"ಅಪ್ಪಾ, ನಾನೂ ಫರೀನಾನೂ ಕಾಲೇಜಿನ್ಯಾಗ ಮಾಡಿದ ಗೇಮ್ ಇದು. 'ನಿಂಗಿ ಹೊಂಟಾಳ' ಅಂತ ಹೆಸರು. ಎಲ್ಲಾರೂ ಆಡ್ಯಾರ, ನೀವೊಬ್ರ ಉಳದೀರಿ. ಕಡೀತನಕ ಆಡ್ರಿ."

"ಊರ ವಾಲ್ವ ತಿರುವೋ ಕೈ ಇದು! ಒಂದ ಹುಡುಗೀನ ತಿರುಗಸಾಕ ಬರೂದಿಲ್ಲೇನ ನನಗ?" ಎಂದು ದುರ್ಗಪ್ಪ ಕಟ್ಟೆಯ ಮೇಲೆ ಕೂತ. ಪಕ್ಕದ ಕಟ್ಟೆಯ ಮೇಲೆ ನಾನು ಕೂತಿದ್ದೆ. ಆದ್ದರಿಂದ ಮುಂದಿನದೆಲ್ಲ ಕಣ್ಣಾರೆ ಕಂಡದ್ದು; ಉಪ್ಪು ಖಾರ ಬಿಟ್ಟರೆ ನನ್ನದೇನೂ ಇಲ್ಲ.

ಆಟ ಸರಳ. ನಿಂಗಿ ಎಂಬ ಹುಡುಗಿ ತಲೆಯ ಮೇಲೆ ಬುತ್ತಿ ಹೊತ್ತು ಹೊರಟಿರುತ್ತಾಳೆ. ನಾವು ಹೆಬ್ಬೆರಳನ್ನು ಪರದೆಯ ಮೇಲೆ ಒತ್ತಿ ಹಿಡಿದು ಸರಿಸಿದ ಕಡೆಗೆ ನಡೆಯುತ್ತಾಳೆ. ನಾಯಿ ಬರುತ್ತದೆ, ಕೋಣ ಬರುತ್ತದೆ, ಕಬ್ಬು ತುಂಬಿದ ಟ್ರ್ಯಾಕ್ಟರು ಹಿಂದೆ ಎರಡು ಟ್ರೇಲರ್ ಡಬ್ಬಿ ಎಳೆದುಕೊಂಡು ಮೈಮೇಲೆ ಬರುತ್ತದೆ. ದಾರಿಯಲ್ಲಿ ಒಂದು ಹಳ್ಳ. ಅಲ್ಲಿ ಬೆರಳು ಎತ್ತಿದರೆ ನಿಂಗಿ ದುಡುಂ ಎಂದು ನೀರಿಗೆ ಬೀಳುತ್ತಾಳೆ. ದುರ್ಗಪ್ಪ ಮೀಸೆ ತಿರುವಲೆಂದು ಬೆರಳು ಎತ್ತಿ ಎತ್ತಿ ಆಕೆಯನ್ನು ಅದೆಷ್ಟು ಸಲ ಮುಳುಗಿಸಿದನೋ! ಕೊನೆಗೆ ಮೀಸೆಯ ಆಸೆ ಬಿಟ್ಟು, ಬೆರಳನ್ನು ಒತ್ತಿ ಹಿಡಿದು, ಬೆವರು ಒರೆಸದೆ, ಆಕೆಯನ್ನು ಗೋಕಾಕ ಫಾಲ್ಸಿನಲ್ಲಿರುವಂಥದೇ ಒಂದು ತೂಗುಸೇತುವೆಯ ನಟ್ಟನಡುವೆ ತಂದು ನಿಲ್ಲಿಸಿದ.

ನಿಂಗಿ ನಿಂತಳು. ಇವನ ಕಡೆ ತಿರುಗಿದಳು. ಬಾಯಿ ಬಿಟ್ಟು ಮಾತಾಡಿದಳು:

"ಕಾಕಾ, ಇಲ್ಲೀತನಕ ನೀವು ನಡಸಿದಂಗ ನಡದೆ. ಇನ್ನ ಬೆರಳ ತಗೀರಿ."

ಕೆಳಗೆ ನೀರು ಭೋರ್ಗರೆಯುತ್ತಿದೆ, ಸೇತುವೆ ತೂಗಾಡುತ್ತಿದೆ, ಈ ಹುಚ್ಚು ಹುಡುಗಿ ಬೆರಳು ತೆಗೆ ಅನ್ನುತ್ತಾಳೆ! ಹಳ್ಳದಲ್ಲಿ ಆದದ್ದು ಮರೆತಳೇ? "ಏ ತಂಗಿ, ಬೀಳತೀ!" ಎಂದು ಅವನು ಹೆಬ್ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದ. ಮುಂದೆ ಸರಿಸಿದರೆ ಆಕೆ ಸರಿಯಲಿಲ್ಲ, ಹಿಂದೆಯೂ ಸರಿಯಲಿಲ್ಲ. "ಕಾಕಾ, ಬೆರಳ ತಗೀರಿ" ಎಂದು ಮತ್ತೆ ಮತ್ತೆ ಹೇಳುತ್ತ ನಿಂತಳು.

ಕೆಂಪವ್ವ ಇಸ್ತ್ರಿ ಅಂಗಿ ಹಿಡಿದುಕೊಂಡು ಹೊರಗೆ ಬಂದಳು. "ಅಲ್ರಿ, ತಮ್ಮ ಬರೂ ಹೊತ್ತಾತು, ಫೋನ್ ಕೆಳಗಿಡ್ರಿ, ಅಂಗಿ ತೊಡ್ರಿ."

"ಇಡಾಕ ಬರೂದಿಲ್ಲ. ಬೆರಳ ತಗದ್ರ ಹುಡುಗಿ ಸಾಯತಾಳ."

"ಯಾವ ಹುಡುಗಿ?"

"ನಿಂಗಿ."

ಕೆಂಪವ್ವ ಒಂದು ಕ್ಷಣ ಗಂಡನ ಮುಖ ನೋಡಿದಳು. ನಿಂಗಿ ಎಂಬ ಹೆಸರಿನ ಹೆಂಗಸು ನಮ್ಮ ಓಣಿಯಲ್ಲಿ ಇಲ್ಲದಿದ್ದುದು ದುರ್ಗಪ್ಪನ ಪುಣ್ಯ. ಪರದೆ ನೋಡಿದ ಮೇಲೆ ಆಕೆ ಹಣೆ ಹಣೆ ಬಡಿದುಕೊಂಡು, ಎಡಗೈಗೆ ತೋಳು ತೊಡಿಸಿ ಬಲಗಡೆಗೆ ಬಂದಳು. ಮೊಬೈಲು ಹಿಡಿದ ಮುಷ್ಟಿ ತೋಳಿನಲ್ಲಿ ತೂರಲಿಲ್ಲ. ಹೀಗೆ ಅರ್ಧ ಅಂಗಿ ತೊಟ್ಟು, ಇನ್ನರ್ಧ ಬೆನ್ನ ಮೇಲೆ ನೇತಾಡಿಸಿಕೊಂಡು ದುರ್ಗಪ್ಪ ಬೀಗರ ದಾರಿ ಕಾಯತೊಡಗಿದ. ಬ್ಯಾಟರಿ ಇಳಿಯಿತೆಂದು ಚಾರ್ಜರ್ ಚುಚ್ಚಿಕೊಂಡು ಒಳಗಿನ ಪ್ಲಗ್ಗಿನ ಹತ್ತಿರ ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಕೂತ. ನಾನೂ ಹಿಂದೆಯೇ ಹೋಗಿ ಹೊಸ್ತಿಲ ಮೇಲೆ ಕೂತೆ.

ಇತ್ತ ಓಣಿಯಲ್ಲಿ ಕೊಡಗಳ ಸದ್ದು ಶುರುವಾಯಿತು. ರವಿವಾರ ನಮ್ಮ ಓಣಿಯ ಪಾಳಿ. ವಾಲ್ವು ತಿರುವಬೇಕಾದವನ ಕೈ ಸೇತುವೆಯ ಮೇಲಿತ್ತು. ಪಕ್ಕದ ಮನೆಯ ಗುಡುಬಿ ಕೊಡ ಸೊಂಟಕ್ಕಿಟ್ಟುಕೊಂಡೇ ಒಳಗೆ ನುಗ್ಗಿದಳು.

"ದುರ್ಗಪ್ಪಣ್ಣಾ, ನೀರ ಬಿಡ್ತಿಯೋ ಇಲ್ಲೋ? ಹಿಟ್ಟ ನಾದಾಕ ನೀರಿಲ್ಲ ಮನ್ಯಾಗ!"

ದುರ್ಗಪ್ಪ ಬಾಯಿ ತೆರೆಯುವ ಮೊದಲೇ ಮೊಬೈಲು ಮಾತಾಡಿತು: "ಕಾಕಾ, ಬೆರಳ ತಗೀರಿ."

ಗುಡುಬಿಯ ಸೊಂಟದಿಂದ ಕೊಡ ಜಾರಿ ಬಿತ್ತು. "ಯಾ ಅಲ್ಲಾ! ಇದು ನಮ್ಮ ಫರೀನಾನ ದನಿ!" ಪರದೆಗೆ ಮುಖ ಹಚ್ಚಿ ನೋಡಿದಳು. ತೂಗುಸೇತುವೆ, ಕೆಳಗೆ ನೀರು, ನಡುವೆ ಒಂದು ಹುಡುಗಿ. ಇಷ್ಟು ಸಾಕಾಯಿತು. "ಏ ಕೇಳ್ರಿ! ನನ್ನ ಮಗಳ ಫಾಲ್ಸ್ ಮ್ಯಾಲ ಸಿಕ್ಕೊಂಡಾಳ!" ಎಂದು ಆಕೆ ಕೂಗಿದ ಕೂಗಿಗೆ ಮೂಡಲಗಿಯ ಸಂತೆಯವರೂ ತಿರುಗಿ ನೋಡಿರಬೇಕು. ಆಕೆಯ ಗಂಡ ತಾಜುದ್ದೀನ ಏನು ಎತ್ತ ಕೇಳಲಿಲ್ಲ. ಲುಂಗಿಯಲ್ಲೇ ಆಟೋ ಹತ್ತಿ ಗೋಕಾಕ ಫಾಲ್ಸಿನ ಕಡೆ ಧೂಳೆಬ್ಬಿಸಿಕೊಂಡು ಹೋದ.

ಆಟೋ ಕಣ್ಮರೆಯಾದ ಮೇಲೆ ಒಳಕೋಣೆಯಿಂದ ಫರೀನಾ ಬಾಚಣಿಗೆ ಹಿಡಿದುಕೊಂಡು ಬಂದಳು. ಆಕೆ ಮುಂಜಾನೆಯಿಂದ ಅಲ್ಲೇ ಮಯೂರಿಗೆ ಜಡೆ ಹೆಣೆಯುತ್ತಿದ್ದಳು. "ಅಮ್ಮಾ, ನಾ ಇಲ್ಲೇ ಅದೇನಿ. ಅದು ಗೇಮಿಗಂತ ರೆಕಾರ್ಡ್ ಮಾಡಿದ ದನಿ." ಗುಡುಬಿ ಮೊದಲು ಮಗಳ ಬೆನ್ನಿಗೊಂದು ಗುದ್ದಿದಳು, ಆಮೇಲೆ ತಬ್ಬಿಕೊಂಡು ಅತ್ತಳು, ಆಮೇಲೆ ನೀರಿನ ನೆನಪಾಗಿ ಮತ್ತೆ ದುರ್ಗಪ್ಪನಿಗೆ ಬೈಯತೊಡಗಿದಳು. ತಾಜುದ್ದೀನನಿಗೆ ಫೋನು ಮಾಡೋಣವೆಂದರೆ ಅವನ ಫೋನು ಮಂಚದ ಮೇಲೆಯೇ ಇತ್ತು.

ನೀರಿನ ದೂರು ಹೋದದ್ದರಿಂದ ಪಂಚಾಯತಿಯ ಪಿಡಿಓ ಶಿವಪುತ್ರ ಬೈಕಿನಲ್ಲಿ ಬಂದರು. ಹೊಸಬರು, ಹುರುಪಿನವರು. ಹಿಂದಿನ ವಾರವಷ್ಟೇ ಹುಕ್ಕೇರಿಯಲ್ಲಿ, ಪೊಲೀಸರೆಂದು ಹೆದರಿಸಿ ಜನರನ್ನು ಫೋನಿನ ಮುಂದೆಯೇ ಕಟ್ಟಿಹಾಕುವ ಮೊಬೈಲ್ ಮೋಸದ ಬಗ್ಗೆ ತರಬೇತಿ ಮುಗಿಸಿ, ಅದನ್ನು ಎಲ್ಲಿ ಬಳಸುವುದೆಂದು ಚಡಪಡಿಸುತ್ತಿದ್ದರು. ಅರ್ಧ ಅಂಗಿಯ ದುರ್ಗಪ್ಪ, ಗೋಡೆಗೆ ಕಟ್ಟಿದಂತಿದ್ದ ವೈರು, ಬಿಡಲಾಗದ ಮೊಬೈಲು, ಅಳುವ ಹೆಂಗಸರು ಕಂಡದ್ದೇ ತಡ, ಅವರ ಕಣ್ಣು ಮಿನುಗಿದವು.

"ಯಾರೂ ಹತ್ರ ಬರಬ್ಯಾಡ್ರಿ. ಇದು ಡಿಜಿಟಲ್ ಅರೆಸ್ಟ್!"

ನೆರೆದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಅರೆಸ್ಟ್ ಎಂಬ ಮಾತು ಎಲ್ಲರಿಗೂ ಗೊತ್ತು. ಕೆಂಪವ್ವ "ಅಯ್ಯ ನನ್ನ ಶಿವನ! ಏನ ಮಾಡೀರಿ ನೀವು?" ಎಂದು ಗಂಡನನ್ನೇ ಕೇಳಿದಳು. ಗಂಡನಿಗೂ ತಾನು ಏನೋ ಮಾಡಿರಬಹುದೆಂದು ಅನುಮಾನ ಬಂತು.

ಶಿವಪುತ್ರ ಮೊಬೈಲಿನ ಮುಂದೆ ಬಗ್ಗಿ, ಕಾಲರ್ ಸರಿಪಡಿಸಿಕೊಂಡು, ನಿಂಗಿಗೆ ನೇರವಾಗಿ ಕೇಳಿದರು: "ಯಾರ್ರೀ ನೀವು? ಯಾವ ಡಿಪಾರ್ಟ್‌ಮೆಂಟು? ಐಡಿ ಕಾರ್ಡ್ ತೋರಸ್ರಿ!"

"ಕಾಕಾ, ಬೆರಳ ತಗೀರಿ" ಎಂದಳು ನಿಂಗಿ.

"ನನಗ ಕಾಕಾ ಅನಬ್ಯಾಡ್ರಿ. ನಾನು ಗೌರ್ನಮೆಂಟ್ ಮನಷ್ಯಾ ಅದೇನಿ."

"ಕಾಕಾ, ಬೆರಳ ತಗೀರಿ."

"ನೋಡಿದ್ರಿಲ್ಲೋ? ಕೇಳಿದ್ದಕ್ಕ ಉತ್ತರಾ ಇಲ್ಲ, ತಮ್ಮದನ್ನ ಹೇಳತಾರ. ಟ್ರೇನಿಂಗಿನ್ಯಾಗ ಹಿಂಗ ಹೇಳಿದ್ರು!" ಫರೀನಾ "ಸರ್, ಅದು ನನ್ನ ದನಿರೀ, ಗೇಮ್ ರೀ" ಎಂದಳು. ಶಿವಪುತ್ರ ಕನಿಕರದಿಂದ ನಕ್ಕರು. "ಹಂಗ ಹೇಳಸ್ತಾರವಾ. ಹೆದರಬ್ಯಾಡ." ಆಮೇಲೆ ದುರ್ಗಪ್ಪನಿಗೆ ಸರಕಾರಿ ಆದೇಶ ಹೊರಡಿಸಿದರು: "ಪುರಾವೆ ನಾಶ ಆಕ್ಕೈತಿ. ನಾ ಹೇಳೂತನಕ ಬೆರಳ ತಗೀಬಾರ್ದು!"

ಇದುವರೆಗೆ ಕರುಣೆಯಿಂದ ಹಿಡಿದಿದ್ದ ಬೆರಳು ಈಗ ಸರಕಾರಿ ಕೆಲಸವಾಯಿತು. ದುರ್ಗಪ್ಪನಿಗೆ ಕೈ ಜೋಮು ಹಿಡಿದಿತ್ತು, ಆದರೆ ಎದೆ ಉಬ್ಬಿತು. ಗುಡುಬಿ ಮಾತ್ರ "ನಿಮ್ಮ ಪುರಾವೆಯೊಳಗ ಹಿಟ್ಟ ನಾದಾಕ ಬರೂದಿಲ್ರೀ ಸಾಹೇಬ್ರ" ಎಂದು ಹೇಳಿ, ಮೂಲೆಯಲ್ಲಿದ್ದ ಕಬ್ಬಿಣದ ಚಾವಿಯನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಓಣಿಯ ಇಬ್ಬರು ಹೆಂಗಸರಿಗೆ ಏನೋ ಸನ್ನೆ ಮಾಡಿದಳು. ಅವರು ಚಾವಿ ಎತ್ತಿಕೊಂಡು ಹೊರಗೆ ಹೋದದ್ದನ್ನು ದುರ್ಗಪ್ಪ ನೋಡಲಿಲ್ಲ.

ಅಷ್ಟರಲ್ಲಿ ಯಮಕನಮರಡಿಯ ಕ್ರೂಸರ್ ಬಂದು ನಿಂತಿತು. ಮುರಿಗೆಪ್ಪ ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿಯಲ್ಲಿ ಇಳಿದ. ಹಿಂದೆ ರಾಹುಲ, ಕೊರಳಪಟ್ಟಿಯವರೆಗೂ ಗುಂಡಿ ಹಾಕಿಕೊಂಡು ಉಸಿರುಗಟ್ಟಿದವನಂತೆ ಇಳಿದ. ಅವರ ಕಡೆಯ ಇಬ್ಬರು ಹಿರಿಯರೂ ಇಳಿದರು. ಮುರಿಗೆಪ್ಪ ಅಕ್ಕನ ಗಂಡನನ್ನು ದಾಜಿ ಎಂದು ಕರೆಯುತ್ತಿದ್ದ.

"ಏನ್ರಿ ದಾಜಿ, ಅರ್ಧಾ ಅಂಗಿ?"

ದುರ್ಗಪ್ಪ ಹೇಳಿದ, ಕೆಂಪವ್ವ ಹೇಳಿದಳು, ಶಿವಪುತ್ರರು ತರಬೇತಿ ಸಮೇತ ಹೇಳಿದರು. ಮುರಿಗೆಪ್ಪನಿಗೆ ಒಂದೂ ತಿಳಿಯಲಿಲ್ಲ. ತಿಳಿಯುವ ಅವಸರವೂ ಅವನಿಗಿರಲಿಲ್ಲ. ಚಾಪೆ ಹಾಸಿದರು, ಅವಲಕ್ಕಿ ತಿಂದರು. ಮಯೂರಿ ತಟ್ಟೆಯಲ್ಲಿ ಎಲೆ-ಅಡಿಕೆ ತಂದಿಟ್ಟು, ತಲೆ ಬಗ್ಗಿಸಿ ಗೋಡೆಗೆ ಒರಗಿ ನಿಂತಳು. ಬೆರಳಿಗೆ ಸೆರಗು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಆ ಹುಡುಗಿಯ ಸೋಮವಾರವೆಲ್ಲ ಆ ತಟ್ಟೆಯಲ್ಲಿತ್ತು.

"ಹೂಂ ದಾಜಿ, ಎತ್ರಿ. ಎಲಿ-ಅಡಿಕಿ ಕೊಡ್ರಿ."

ದುರ್ಗಪ್ಪ ಎಡಗೈ ಚಾಚಿದ.

ಮುರಿಗೆಪ್ಪ ಹಾವು ಕಂಡವನಂತೆ ಹಿಂದೆ ಸರಿದ. "ಎಡಗೈಲೆ? ಮಗಳ ಕೊಡಾಕತ್ತೀರೋ, ಬಿಕ್ಷಾ ಹಾಕಾಕತ್ತೀರೋ? ಬಲಗೈ ಎತ್ರಿ!"

"ಬಲಗೈಯಾಗ ನಿಂಗಿ ಅದಾಳ!"

"ತಗೀರಿ ಬೆರಳ!"

"ತಗದ್ರ ಬೀಳತಾಳ!"

"ಬಿದ್ರ ಬೀಳಲಿ! ಯಾರ ಮಗಳಕಿ?"

ಇಲ್ಲಿ ದುರ್ಗಪ್ಪನಿಗೆ, ಹುಟ್ಟಿದಾಗಿನಿಂದ ಭಾವಮೈದುನನ ಎದುರು ದನಿ ಏರಿಸದ ದುರ್ಗಪ್ಪನಿಗೆ, ಖರೇನೇ ಸಿಟ್ಟು ಬಂತು. "ಯಾರದಾರ ಮಗಳ ಇರಬೇಕಲೋ! ಮುಂಜಾನಿಂದ ನಾನ ನಡಸೇನಿ ಆಕೀನ್ನ. ನಾಯಿ ಕಡೀಲಿಲ್ಲ, ಟ್ರ್ಯಾಕ್ಟರ್ ಹಾಯಲಿಲ್ಲ. ಈಗ ಹೊಳ್ಯಾಗ ಒಗಿ ಅಂತೀಯೇನ?"

"ಸರಕಾರದ ಆದೇಶಾನೂ ಐತಿ" ಎಂದರು ಶಿವಪುತ್ರ.

ಮುರಿಗೆಪ್ಪನ ಕಡೆಯ ಹಿರಿಯನೊಬ್ಬ, ಬೆರಳು ಬೇರೆ, ಕೈ ಬೇರೆ, ಬಲಮೊಣಕೈ ತಟ್ಟೆಗೆ ತಾಗಿಸಿದರೆ ನಡೆದೀತು ಎಂದ. ಇನ್ನೊಬ್ಬ, ಮೊಬೈಲ್ ಸಮೇತ ಎಲೆ ಹಿಡಿಯಲಿ ಎಂದ. ಹಾಗಾದರೆ ಮೊಬೈಲೂ ವರದಕ್ಷಿಣೆಯ ಲೆಕ್ಕಕ್ಕೆ ಬರುತ್ತದೆ, ಅದು ಕಾಯ್ದೆಗೆ ವಿರುದ್ಧ ಎಂದು ಶಿವಪುತ್ರ ತಡೆದರು. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ನಡುನಡುವೆ "ಕಾಕಾ, ಬೆರಳ ತಗೀರಿ" ಎಂಬ ಸಣ್ಣ ದನಿ ಬರುತ್ತಲೇ ಇತ್ತು, ಯಾರ ಕಿವಿಗೂ ಬೀಳದೆ.

ಗುಡುಬಿಗೆ ತಡೆಯಲಿಲ್ಲ. "ಏ, ಬಾಯಿ ಮುಚ್ಚರಿ ಎಲ್ಲಾರೂ! ಹುಡುಗಿ ಆಗಿನಿಂದ ಬಾಯಿಬಿಟ್ಟ ಹೇಳಾಕತ್ತಾಳ, ಬೆರಳ ತಗೀರಿ ಅಂತ. ಮಾಮಾ ಏನಂತಾನ ಕೇಳತೀರಿ, ಸಾಹೇಬ್ರ ಏನಂತಾರ ಕೇಳತೀರಿ. ಆಕಿ ಏನಂತಾಳ, ಯಾರೂ ಕೇಳವಲ್ರಲ್ಲ!"

ಒಬ್ಬೊಬ್ಬರ ಕಣ್ಣೂ, ಯಾಕೋ ಏನೋ, ಮೊಬೈಲಿನಿಂದ ಗೋಡೆಗೆ ಒರಗಿ ನಿಂತವಳ ಕಡೆಗೆ ಹೋಯಿತು.

ದುರ್ಗಪ್ಪ ಮಗಳನ್ನು ನೋಡಿದ. "ಮಯೂರೀ, ನೀನ ಮಾಡೀದೀ. ಬೆರಳ ತಗದ್ರ ಬೀಳತಾಳೇನವಾ?"

"ನಾ ಹೇಳೂದಿಲ್ಲ ಅಪ್ಪಾ."

"ಯಾಕ?"

"ಕಾಲು ಆಕೀವು."

ದುರ್ಗಪ್ಪ ಕೆಂಪವ್ವನ ಕಡೆ ನೋಡಿದ. ಅದು ಅಭ್ಯಾಸ. ಕೆಂಪವ್ವ ಆ ಹೊತ್ತಿಗೆ ಮೇಲಿನ ತೊಲೆಯನ್ನು ನೋಡುತ್ತಿದ್ದಳು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ, ಹಲ್ಲು ಕಚ್ಚಿದ, ಹೆಬ್ಬೆರಳನ್ನು ಎತ್ತಿದ. ಅದು ಎತ್ತಿದ ಮೇಲೂ ಬಾಗಿಯೇ ಇತ್ತು.

ದುಡುಂ ಎಂಬ ಸದ್ದು ಬರಲಿಲ್ಲ.

ಕಣ್ಣು ತೆರೆದರೆ ನಿಂಗಿ ಸೇತುವೆಯ ಮೇಲೆಯೇ ಇದ್ದಳು. ತಲೆಯ ಮೇಲಿನ ಬುತ್ತಿ ಇಳಿಸಿದಳು. ಕಾಲು ಚಾಚಿ ಕೂತಳು. ಗಂಟು ಬಿಚ್ಚಿ, ರೊಟ್ಟಿ ಮುರಿದು, ಚಟ್ನಿ ಹಚ್ಚಿ ತಿನ್ನತೊಡಗಿದಳು.

"ಹಸಿವಾಗಿತ್ರಿ ಕಾಕಾ" ಎಂದಳು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು. "ಮುಂಜಾನಿಂದ ನಡಸೇ ನಡಸಾಕತ್ತೀರಿ, ಉಂಡಿಯೇನು ಅಂತ ಒಬ್ಬರಾರ ಕೇಳಿದ್ರೇನು?"

ಓಣಿಗೆ ಓಣಿಯೇ ನಕ್ಕಿತು. ಶಿವಪುತ್ರರೂ ನಕ್ಕು, ಆಮೇಲೆ ತಾವು ಸರಕಾರ ಎಂಬುದು ನೆನಪಾಗಿ ಸುಮ್ಮನಾದರು. ನಿಂಗಿ ರೊಟ್ಟಿ ಮುಗಿಸಿ, ಕೈ ಝಾಡಿಸಿ, ಸೇತುವೆ ದಾಟಿ, ನಾವ್ಯಾರೂ ಎಣಿಸದ ಒಂದು ಕಾಲುದಾರಿ ಹಿಡಿದು ಹಾಡಿಕೊಳ್ಳುತ್ತ ಹೋದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ನಗದಿದ್ದವನು ದುರ್ಗಪ್ಪನೊಬ್ಬನೇ. ಅವನ ಕಣ್ಣು ತುಂಬಿದ್ದವು. ಮುರಿಗೆಪ್ಪ ಸಮಯ ಸಾಧಿಸಿ ತಟ್ಟೆ ಮುಂದೆ ತಳ್ಳಿದ. "ಬಲಗೈ ಖಾಲಿ ಆತಲ್ಲ ದಾಜಿ? ಎತ್ರಿ ಇನ್ನ."

ದುರ್ಗಪ್ಪ ಬಲಗೈಯಿಂದ ಎಲೆ-ಅಡಿಕೆ ಎತ್ತಿದ. ಮುರಿಗೆಪ್ಪ ಎರಡೂ ಅಂಗೈ ಒಡ್ಡಿದ. ದುರ್ಗಪ್ಪ ಮಗಳ ಕಡೆ ತಿರುಗಿದ.

"ಯವ್ವಾ, ತೊಟ್ಟಲದಾಗ ಅತ್ತಿದ್ದೆಲ್ಲ, ಅದು ಹಸಿವಿಗೇನ?"

ಮಯೂರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಆಗಿಂದು ಗೊತ್ತಿಲ್ಲ ಅಪ್ಪಾ. ಈಗ ನಾ ಬೆಳಗಾವಿಗೆ ಹೋಗಬೇಕು. ಓದಬೇಕು."

"ಏ, ಏನ ಮಾತಿದು!" ಎಂದು ಮುರಿಗೆಪ್ಪ ಎದ್ದು ನಿಂತ. "ರಾಹುಲ, ನೀ ಹೇಳೋ!"

ರಾಹುಲ ಕೊರಳಿನ ಗುಂಡಿ ಬಿಚ್ಚಿದ. ಆಗ ಅವನಿಗೆ ಉಸಿರು ಬಂತು. "ಅಪ್ಪಾ, ನನ್ನೂ ಯಾರೂ ಕೇಳಿಲ್ಲ" ಎಂದ ಮೆಲ್ಲಗೆ.

ಎಲೆ-ಅಡಿಕೆ ಇನ್ನೂ ದುರ್ಗಪ್ಪನ ಕೈಯಲ್ಲಿತ್ತು. ತಟ್ಟೆಯಿಂದ ಎತ್ತಿದ ವೀಳ್ಯವನ್ನು ತಿರುಗಿ ತಟ್ಟೆಗಿಡುವಂತಿಲ್ಲ, ಅದು ಅಪಶಕುನ. ಅವನು ಮತ್ತೊಮ್ಮೆ ಹೆಂಡತಿಯನ್ನು ನೋಡಿದ.

"ನನ್ನ ಯಾಕ ನೋಡತೀರಿ?" ಎಂದಳು ಕೆಂಪವ್ವ. "ಎಲಿ ನಿಮ್ಮ ಕೈಯಾಗೈತಿ."

ದುರ್ಗಪ್ಪ ಎಲೆ ಮಡಚಿ, ಅಡಿಕೆ ಒಳಗಿಟ್ಟು, ಗಬಕ್ಕನೆ ತನ್ನ ಬಾಯಿಗೇ ಹಾಕಿಕೊಂಡು ಅಗಿಯತೊಡಗಿದ. ಸುಣ್ಣವಿಲ್ಲದ ಎಲೆ, ಒಡೆಯದ ಅಡಿಕೆ. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆ ಬಂತು, ಆದರೂ ಅಗಿದ. ಮದುವೆಯಾದ ಮೇಲೆ ಹೆಂಡತಿಯನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಮಯೂರಿ ಓಡಿ ಹೋಗಿ ಅಪ್ಪನ ಖಾಲಿ ತೋಳು ಹಿಡಿದು ಅಂಗಿ ತೊಡಿಸಿದಳು.

ಅವನಿಗೆ ನೀರು ಬೇಕಾಯಿತು. ಆಗಲೇ ಓಣಿಯ ನಲ್ಲಿಗಳೆಲ್ಲ ಭುಸ್ ಭುಸ್ ಎಂದು ಕೂಗಿ ನೀರು ಸುರಿಸತೊಡಗಿದವು. ದುರ್ಗಪ್ಪ ಬಾಯಿ ತೆರೆದ. "ನೀರ ಯಾರ ಬಿಟ್ರು?"

"ನಾವ ಬಿಟ್ಟೇವಿ" ಎಂದಳು ಗುಡುಬಿ ತಂಬಿಗೆ ಚಾಚುತ್ತ. "ಎರಡ ಸುತ್ತ ತಿರುವಿದ್ರ ಆತಪಾ. ಇಷ್ಟು ದಿನಾ ಏನೋ ಮಹಾ ಅನ್ಕೊಂಡಿದ್ವಿ." ದುರ್ಗಪ್ಪ ಗಟಗಟ ನೀರು ಕುಡಿದ. ಲುಂಗಿಯ ತಾಜುದ್ದೀನ ಆಗ ಬಂದಿಳಿದು, ಫಾಲ್ಸಿನಲ್ಲಿ ಸಿಕ್ಕ ಸಿಕ್ಕ ಹುಡುಗಿಯರನ್ನೆಲ್ಲ ಹೆಸರು ಕೇಳಿ ಬೈಸಿಕೊಂಡದ್ದನ್ನು ವರದಿ ಮಾಡಿದ.

ಮುರಿಗೆಪ್ಪ ಊಟ ಮಾಡದೆ ಸಿಟ್ಟಿನಿಂದ ಕ್ರೂಸರ್ ಹತ್ತಿದ. ಆದರೆ ಹತ್ತುವಾಗ ಮಗನಿಗೆ "ಅದೇನ ಗೇಮ್ ಅದು, ನನ್ನ ಫೋನಿಗೂ ಹಾಕ, ನೋಡೂನು" ಎಂದದ್ದು ನನ್ನ ಕಿವಿಗೆ ಬಿತ್ತು.

ಸಂಜೆ ಮಯೂರಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಗ ರಾಹುಲನ ಫೋನು ಬಂತು. "ಮಾಮಾ, ಅಪ್ಪ ಚಪ್ಪಲಿನೂ ಬಿಚ್ಚವಲ್ಲ, ಊಟಕ್ಕೂ ಏಳವಲ್ಲ. ಹೆಬ್ಬೆರಳ ಒತ್ತಿ ಹಿಡಕೊಂಡ ಕೂತಾನ." ಹಿಂದಿನಿಂದ ಮುರಿಗೆಪ್ಪನ ಗಾಬರಿಯ ದನಿ ಕೇಳಿಸಿತು:

"ದಾಜಿ! ತಗೀಲೋ ಬ್ಯಾಡೋ?"

"ನೋಡಿದ್ದೀಯಲ್ಲೋ, ಬೀಳೂದಿಲ್ಲ ಆಕಿ" ಎಂದ ದುರ್ಗಪ್ಪ.

"ನಿಮ್ಮ ನಿಂಗಿ ಬೀಳಲಿಲ್ಲ ಖರೆ, ದಾಜಿ. ನನ್ನ ನಿಂಗಿ ಬಿದ್ರ?"

ಎರಡು ಲಾರಿಗಳ ಧಣಿಯ ದನಿ ನಡುಗುತ್ತಿತ್ತು. ದುರ್ಗಪ್ಪ ಅಭ್ಯಾಸದಂತೆ ಹೆಂಡತಿಯ ಕಡೆ ನೋಡಿದ. ಕೆಂಪವ್ವ ಬೆಳಗಾವಿಯ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದ ಹಿಟ್ಟಿನ ಕೈಯಿಂದಲೇ ಫೋನು ಕಸಿದುಕೊಂಡಳು.

"ಏ ಮುರಿಗ್ಯಾ, ಬೆರಳ ತಗೀಯೋ! ಮದಲ ಆ ಹುಡುಗಿಗೆ ರೊಟ್ಟಿ ತಿನ್ನಾಕ ಬಿಡ!"